ತೋಳಿನ ಹಾಳೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಚನ್ನಗಿರಿಯ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತು. ರಿಪೇರಿಗೆ ತಂದವರು ಸಾಮಾನನ್ನು ನನ್ನ ಮೇಜಿನ ಮೇಲಿಟ್ಟು, ಏನಾಗಿದೆ ಎಂದು ಒಂದು ಮಾತು ಹೇಳಿ ಹೊರಟುಬಿಡಬೇಕು. ಪಕ್ಕದಲ್ಲಿ ನಿಂತು 'ಆಯ್ತಾ, ಆಯ್ತಾ' ಎಂದು ಕೇಳಿದವರ ಕೈಗೆ ಸ್ಕ್ರೂ ಡ್ರೈವರ್ ಕೊಟ್ಟು, ನೀವೇ ಮಾಡಿಕೊಳ್ಳಿ ಎಂದು ಎದ್ದುಬಿಡುತ್ತೇನೆ. ಮೊದಲು ಟಿವಿ ಅಂಗಡಿಯಾಗಿದ್ದದ್ದು ಈಗ ಮಿಕ್ಸಿ, ಫ್ಯಾನು, ಪಂಪಿನ ಸ್ಟಾರ್ಟರ್ ಅಂಗಡಿಯಾಗಿದೆ. ಕೆಲಸ ಬದಲಾಗಿದೆ, ಕೋಪ ಬದಲಾಗಿಲ್ಲ.

ಒಂದು ಬೇಸಿಗೆಯ ಬೆಳಗ್ಗೆ ಜಗಳೂರಿನಿಂದ ಫೋನ್ ಬಂತು. ಮಾತಾಡಿದವಳು ನಮ್ಮ ಮೇಷ್ಟ್ರ ಮಗಳು. ಮೇಷ್ಟ್ರು ಹೊನ್ನಾಳಿಯ ಹೈಸ್ಕೂಲಿನಲ್ಲಿ ನನಗೆ ವಿಜ್ಞಾನ ಹೇಳಿಕೊಟ್ಟವರು. ಸಂಜೆ ಮನೆಗೆ ಕರೆದು ಸೋಲ್ಡರಿಂಗ್ ಮಾಡುವುದನ್ನು ಕಲಿಸಿದವರು. ನಾನು ಇವತ್ತು ತಿನ್ನುವ ಅನ್ನ ಆ ಸಂಜೆಗಳದು. ಮೂರು ವರ್ಷದ ಹಿಂದೆ ಹೆಂಡತಿ ತೀರಿಕೊಂಡ ಮೇಲೆ ಅವರು ಜಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ.

ಮಗಳು ಹೇಳಿದ್ದು ಇಷ್ಟು. ಮೇಷ್ಟ್ರ ಎಡಗಣ್ಣು ಹೋಗಿ ಎಷ್ಟೋ ಕಾಲವಾಗಿದೆ, ನನಗೂ ಗೊತ್ತಿತ್ತು. ಈಗ ಬಲಗಣ್ಣಿನಲ್ಲೂ ಒತ್ತಡ ಏರಿದೆ. ಮುಂದಿನ ಸೋಮವಾರ ದಾವಣಗೆರೆಯಲ್ಲಿ ಆಪರೇಷನ್. ಮಾಡದಿದ್ದರೆ ಕಣ್ಣು ಹೋಗುವುದು ಖಂಡಿತ, ಮಾಡಿದರೂ ಉಳಿಯುತ್ತದೆಂದು ಮಾತು ಕೊಡಲಾರೆವು ಎಂದಿದ್ದಾರೆ ಡಾಕ್ಟರು.

"ಅಣ್ಣಾ, ಅಪ್ಪಾಜಿ ಒಂದೇ ಹಟ ಹಿಡ್ದಾರೆ," ಎಂದಳು. "ಆಸ್ಪತ್ರೆಗೆ ಹೋಗೋದ್ರಾಗೆ ಆ ಹಳೇ ಕಂಪ್ಯೂಟರ್ ಆನ್ ಮಾಡಿ, ಅದರಾಗಿನ ಅಕ್ಷರ ಒಂದ್ಸಲ ನೋಡಬೇಕಂತೆ. ನಿಮ್ಮನ್ನೇ ಕರಿ ಅಂತಾರೆ."

ಯಾವ ಅಕ್ಷರ ಎಂದು ನಾನು ಕೇಳಲಿಲ್ಲ. ಆ ಮನೆಯ ಹೊರಗೆ ಅದು ಗೊತ್ತಿದ್ದವನು ನಾನೊಬ್ಬನೇ.

ಮೇಷ್ಟ್ರ ಹೆಂಡತಿಯನ್ನು ನಾವೆಲ್ಲ ಅಮ್ಮಾರು ಎನ್ನುತ್ತಿದ್ದೆವು. ಅವರು ಶಾಲೆಗೆ ಹೋದವರಲ್ಲ. ಆದರೆ ಹೊಲಿಗೆಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹೊನ್ನಾಳಿಯ ಬಾಡಿಗೆ ಮನೆಯ ಜಗಲಿಯಲ್ಲಿ ಊರಿನ ಹುಡುಗಿಯರಿಗೆ ಬ್ಲೌಸ್ ಕತ್ತರಿಸುವುದನ್ನು ಕಲಿಸುತ್ತಿದ್ದರು. ಅಳತೆ ಟೇಪಿನ ಮೇಲಿನ ಅಂಕಿ ಗೊತ್ತು, ಅಕ್ಷರ ಗೊತ್ತಿಲ್ಲ. ಹೈಸ್ಕೂಲ್ ಮೇಷ್ಟ್ರ ಹೆಂಡತಿ ಸ್ಲೇಟು ಹಿಡಿದು ಕೂತಿದ್ದನ್ನು ಆ ಹುಡುಗಿಯರು ನೋಡಿದರೆ ಮಾನ ಹೋಗುತ್ತದೆ ಎಂದು ಅವರಿಗೆ ಭಯ. ಅದೇ ಕಾಲಕ್ಕೆ ದಾವಣಗೆರೆಯಲ್ಲಿ ಒಂದು ಕಂಪ್ಯೂಟರ್ ಕಲಿಸುವ ಅಂಗಡಿ ಮುಚ್ಚಿತು. ಮೇಷ್ಟ್ರು ಅಲ್ಲಿಂದ ಒಂದು ಕಂಪ್ಯೂಟರ್ ತಂದರು. ಕಂಪ್ಯೂಟರ್ ಎಂದರೆ ಈಗಿನವರು ಅಂದುಕೊಳ್ಳುವ ಹಾಗಲ್ಲ. ಕೀಲಿಮಣೆಯೇ ಇಡೀ ಯಂತ್ರ, ದಪ್ಪ ಡೈರಿಗಿಂತ ತುಸು ಅಗಲ. ಪರದೆಗೆ ಮನೆಯ ಟಿವಿ, ಪ್ರೋಗ್ರಾಂ ಉಳಿಸಿಕೊಳ್ಳಲು ಹಾಡು ಕೇಳುವ ಟೇಪ್ ರೆಕಾರ್ಡರು. ಮಾಡಿದ ಕಂಪನಿ ಕಣ್ಣು ಬಿಡುವ ಮೊದಲೇ ಮುಚ್ಚಿಹೋಯಿತು. ಅದರ ಹೆಸರು ಹೇಳಿದರೂ ಯಾರಿಗೂ ಗುರುತು ಹತ್ತುವುದಿಲ್ಲ.

ಅದರಲ್ಲಿ ಕನ್ನಡ ಇರಲಿಲ್ಲ. ಮೇಷ್ಟ್ರು ಗ್ರಾಫ್ ಹಾಳೆಯ ಚೌಕಗಳಲ್ಲಿ ಚುಕ್ಕಿ ತುಂಬಿಸಿ ಒಂದೊಂದೇ ಅಕ್ಷರ ಮಾಡಿದರು. ರಾತ್ರಿ ಊಟವಾದ ಮೇಲೆ ಒಳಕೋಣೆಯ ಬಾಗಿಲು ಹಾಕಿ ಟಿವಿ ಹಚ್ಚುತ್ತಿದ್ದರು. ಹೊರಗಿನವರಿಗೆ ಮೇಷ್ಟ್ರ ಮನೆಯಲ್ಲಿ ಟಿವಿ ನೋಡುತ್ತಿದ್ದಾರೆ ಎಂದಷ್ಟೇ ಅನಿಸಬೇಕು. ಅಮ್ಮಾರು ಓದು ಬರಹ ಕಲಿತದ್ದು ಹಾಗೆ. ಆಮೇಲೆ ಒಂದು ಮಳೆಗಾಲದಲ್ಲಿ ಸಿಡಿಲು ಬಡಿದು ಅದರ ಕರೆಂಟಿನ ಡಬ್ಬಿ ಸುಟ್ಟುಹೋಯಿತು. ಯಂತ್ರ ಬೀರುವಿನ ಮೇಲೆ ಹತ್ತಿ ಕೂತಿತು. ಅಷ್ಟರಲ್ಲಿ ಅಮ್ಮಾರು ಕಲಿಯಬೇಕಾದ್ದನ್ನು ಕಲಿತಾಗಿತ್ತು.

ಫೋನ್ ಬಂದ ದಿನವೇ ಜಗಳೂರಿಗೆ ಹೋದೆ. ಮೇಷ್ಟ್ರು ಕಿಟಕಿಯ ಬೆಳಕಿಗೆ ಬೆನ್ನು ಮಾಡಿ ಕೂತಿದ್ದರು. ನನ್ನ ಮುಖವನ್ನು ತೀರಾ ಹತ್ತಿರಕ್ಕೆ ಎಳೆದುಕೊಂಡು ನೋಡಿದರು. ಪೇಪರಿನ ಅಕ್ಷರ ಕಾಣುವುದಿಲ್ಲ, ಟಿವಿಯ ಬೆಳಕು, ಅದರ ಮೇಲೆ ದೊಡ್ಡದಾಗಿ ಬಂದದ್ದು ಹತ್ತಿರ ಕೂತರೆ ಕಾಣುತ್ತದೆ ಎಂದರು. ಯಂತ್ರ ಎಲ್ಲಿ ಎಂದು ಗದರಿದ ದನಿಯಲ್ಲೇ ಕೇಳಿದೆ.

ಮಗಳು ಅಮ್ಮಾರ ಹಳೆಯ ಸೀರೆಯಲ್ಲಿ ಸುತ್ತಿದ್ದ ಯಂತ್ರವನ್ನು ತಂದಿಟ್ಟಳು. ಬಿಚ್ಚಿ, ಹಿಂಬದಿ ತಿರುಗಿಸಿ ನೋಡಿದೆ. ಕೆಟ್ಟು ಕೂತಿದ್ದರೂ ಪ್ರತಿ ಆಯುಧಪೂಜೆಗೆ ಅದನ್ನು ಕೆಳಗಿಳಿಸಿ, ಹೊಲಿಗೆ ಮಷಿನ್ನಿನ ಪಕ್ಕದಲ್ಲಿಟ್ಟು, ವಿಭೂತಿ ಎಳೆದು, ಗಂಧ ಕುಂಕುಮ ಇಟ್ಟಿದ್ದಾರೆ. ಮಾರನೇ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಮೇಲಿಟ್ಟಿದ್ದಾರೆ. ಕುಂಕುಮ ಇಡಲು ಸಮತಟ್ಟಾದ ಬಿಳಿ ಜಾಗ ಯಾವುದು ಸಿಕ್ಕಿದೆ ಎಂದರೆ, ಹಿಂದೆ ಕರೆಂಟಿನ ವೈರು ಸಿಕ್ಕಿಸುವ ತೂತಿನ ಪಕ್ಕದ ಚೀಟಿ. ತೂತಿನೊಳಗಿನ ಯಾವ ಲೋಹದ ಕಡ್ಡಿಗೆ ಯಾವ ಕರೆಂಟು ಎಂದು ಅಚ್ಚಾಗಿದ್ದ ಚೀಟಿ. ವರ್ಷ ವರ್ಷ ಭಕ್ತಿಯಿಂದ ಒರೆಸಿ ಒರೆಸಿ ಅದರ ಮೇಲೆ ಒಂದು ಅಕ್ಷರವೂ ಉಳಿದಿರಲಿಲ್ಲ, ಕೆಂಪು ಕಲೆ ಮಾತ್ರ ಉಳಿದಿತ್ತು.

ಅದು ಯಾಕೆ ದೊಡ್ಡ ವಿಷಯ ಎಂದು ಹೇಳಬೇಕು. ಈ ಯಂತ್ರಕ್ಕೆ ಒಂದೇ ಬಗೆಯ ಕರೆಂಟು ಸಾಲದು. ಐದು ವೋಲ್ಟು, ಹನ್ನೆರಡು ವೋಲ್ಟು, ಜೊತೆಗೆ ಮೈನಸ್ ಐದು, ಮೂರೂ ಬೇಕು. ತೂತಿನಲ್ಲಿರುವುದು ಐದು ಕಡ್ಡಿ. ಒಂದಕ್ಕೆ ಹೋಗಬೇಕಾದದ್ದು ಇನ್ನೊಂದಕ್ಕೆ ಹೋದರೆ ಸದ್ದೂ ಬರುವುದಿಲ್ಲ, ಹೊಗೆಯೂ ಬರುವುದಿಲ್ಲ, ಒಳಗಿನ ಚಿಪ್‌ಗಳು ಸತ್ತಿರುತ್ತವೆ. ಬೇರೆ ತರಿಸೋಣ ಎಂದರೆ, ತಮ್ಮ ಯಂತ್ರವನ್ನು ಯಾರೂ ನಕಲು ಮಾಡಬಾರದೆಂದು ಆ ಕಂಪನಿಯವರು ಚಿಪ್‌ಗಳ ಬೆನ್ನಿನ ಮೇಲಿನ ನಂಬರನ್ನೆಲ್ಲ ಉಜ್ಜಿ ಅಳಿಸಿದ್ದರು. ಅಂಥ ಇನ್ನೊಂದು ಯಂತ್ರ ಎಲ್ಲಿದೆಯೋ, ಇದೆಯೋ ಇಲ್ಲವೋ. ತಪ್ಪು ಮಾಡಲು ನನಗೆ ಒಂದು ಸಲವೂ ಅವಕಾಶ ಇರಲಿಲ್ಲ.

ಇದರ ಮ್ಯಾನುಯಲ್ ಬೇಕೇ ಬೇಕು ಎಂದೆ. ಪುಸ್ತಕವನ್ನು ಹೊನ್ನಾಳಿಯಲ್ಲೇ ಗೆದ್ದಲು ತಿಂದಿತೆಂದರು ಮೇಷ್ಟ್ರು. ಅವರ ಮುಂದೆ ಏನೂ ಅನ್ನಲಿಲ್ಲ. ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಚನ್ನಗಿರಿ ಮುಟ್ಟುವವರೆಗೆ ಮಾತ್ರ ಗೆದ್ದಲಿನ ವಂಶಕ್ಕೆಲ್ಲ ಬಾಯಿಗೆ ಬಂದಂತೆ ಬೈದೆ.

ಹಳೆಯ ಕಂಪ್ಯೂಟರಿನ ಹುಚ್ಚು ಹಿಡಿದವರ ಗುಂಪುಗಳು ಇಂಟರ್ನೆಟ್ಟಿನಲ್ಲಿ ಇವೆ. ಒಂದೊಂದು ಯಂತ್ರದ ಪುಸ್ತಕವನ್ನೂ ಹಾಳೆ ಹಾಳೆ ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಅಂಗಡಿಯ ಶಟರ್ ಅರ್ಧ ಎಳೆದುಕೊಂಡು ಹುಡುಕಲು ಕೂತೆ. ದೊಡ್ಡ ಕಂಪನಿಗಳ ಯಂತ್ರಗಳಾದರೆ ಮೊಳೆಯ ಅಳತೆ ಸಮೇತ ಸಿಗುತ್ತದೆ, ನಮ್ಮದು ಮಾತ್ರ ಹೆಸರಿಗೂ ಇಲ್ಲ. ಫೋಟೊ ಹಾಕಿ, ಇದರ ನಕ್ಷೆ ಇದ್ದವರು ದಯವಿಟ್ಟು ಕೊಡಿ, ವಯಸ್ಸಾದವರ ಕಣ್ಣಿನ ಆಪರೇಷನ್ ಇದೆ, ಅರ್ಜೆಂಟು ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಬರೆದೆ. ಕಣ್ಣಿನ ಆಪರೇಷನ್ನಿಗೂ ಇದಕ್ಕೂ ಏನು ಸಂಬಂಧ ಎಂದು ಒಬ್ಬ ಕೇಳಿದ. ಇಂಥ ಯಂತ್ರ ಇರಲೇ ಇಲ್ಲ, ಪಟ್ಟಿಯಲ್ಲಿ ಇಲ್ಲ ಎಂದು ಇನ್ನೊಬ್ಬ ವಾದಿಸಿದ. ನನ್ನ ಮೇಜಿನ ಮೇಲೆ ಕುಂಕುಮ ಹಚ್ಚಿಕೊಂಡು ಕೂತಿರುವುದು ನಿಮ್ಮಜ್ಜನೇನು ಎಂದು ಬರೆಯಲು ಹೊರಟಿದ್ದೆ, ಹೆಂಡತಿ ಫೋನು ಕಿತ್ತುಕೊಂಡಳು.

ಗುರುವಾರ ಯಾವುದೋ ಚಳಿದೇಶದ ಒಬ್ಬರು ಒಂದು ನಕ್ಷೆ ಕಳಿಸಿದರು. ತಮ್ಮ ದೇಶದಲ್ಲಿ ಮಾರಾಟವಾಗಿದ್ದ ಒಂದು ಯಂತ್ರದ್ದು, ನಿಮ್ಮದು ಇದರ ನಕಲು ಇರಬಹುದು ಎಂದು ಬರೆದಿದ್ದರು. ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನೋಡಿದರೆ ಅದೇ ತೂತು, ಅದೇ ಐದು ಕಡ್ಡಿ, ಚಿಪ್‌ಗಳು ಕೂತಿರುವ ಸಾಲೂ ಅದೇ. ಖುಷಿಗೆ ನನಗೆ ಊಟ ಸೇರಲಿಲ್ಲ. ಟ್ರಾನ್ಸ್‌ಫಾರ್ಮರ್ ಹಾಕಿ ಕರೆಂಟಿನ ಡಬ್ಬಿ ಮಾಡಿದೆ, ಮೀಟರ್ ಹಿಡಿದು ಮೂರು ವೋಲ್ಟೇಜನ್ನೂ ಅಳೆದೆ, ವೈರು ಸಿಕ್ಕಿಸಿದೆ. ಅಷ್ಟರಲ್ಲಿ ಜಗಳೂರಿನ ಫೋನು. ಅಪ್ಪಾಜಿ ಕೇಳುತ್ತಿದ್ದಾರೆ, ಆಯ್ತಾ ಎಂದಳು ಮಗಳು. ಐದು ನಿಮಿಷದಲ್ಲಿ ಹೇಳುತ್ತೇನೆ ಎಂದು ರೇಗಿ ಫೋನಿಟ್ಟೆ.

ಸ್ವಿಚ್ಚಿನ ಮೇಲೆ ಬೆರಳಿಟ್ಟಿದ್ದೆ. ಆ 'ಇರಬಹುದು' ಎಂಬ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕಾಡುತ್ತಿತ್ತು. ಭೂತಗನ್ನಡಿ ಹಿಡಿದು ಕೊನೆಯ ಸಲ ಎಂದು ತೂತಿನ ಹಿಂಬದಿ ನೋಡಿದೆ. ಚಳಿದೇಶದ ನಕ್ಷೆಯಲ್ಲಿ ತುದಿಯ ಒಂದು ಕಡ್ಡಿ ಖಾಲಿ, ಅದಕ್ಕೆ ಏನೂ ಕೆಲಸವಿಲ್ಲ. ನಮ್ಮ ಯಂತ್ರದಲ್ಲಿ ಅದೇ ಕಡ್ಡಿಯಿಂದ ತಾಮ್ರದ ದಪ್ಪ ಗೆರೆ ಹೊರಟು ಒಳಗೆ ಹೋಗಿತ್ತು. ಅಷ್ಟು ದಪ್ಪ ಗೆರೆಯನ್ನು ಯಾರೂ ಸುಮ್ಮನೆ ಹಾಕುವುದಿಲ್ಲ. ಅಂದರೆ ನಕಲು ಮಾಡಿದವರು ಕಡ್ಡಿಗಳನ್ನು ಅದಲು ಬದಲು ಮಾಡಿದ್ದಾರೆ, ಉಳಿದವೂ ಎಲ್ಲಿಂದೆಲ್ಲಿಗೆ ಹೋಗಿವೆಯೋ. ಬೆರಳು ತಾನಾಗಿ ಹಿಂದೆ ಬಂತು. ವೈರನ್ನು ಕಿತ್ತು ಪಕ್ಕಕ್ಕಿಟ್ಟೆ. ಚಹಾ ತಂದಿಟ್ಟ ಹೆಂಡತಿ ಆಯ್ತಾ ಎಂದು ಕೇಳಿದಳು. ಸ್ಕ್ರೂ ಡ್ರೈವರ್ ಕೈಗೆ ಕೊಡಲಾಗದ ಗಿರಾಕಿ ಅವಳೊಬ್ಬಳೇ.

ಶುಕ್ರವಾರವೆಲ್ಲ ಬೇರೆ ನಕ್ಷೆ ಹುಡುಕಿ ಸೋತು, ಸಂಜೆ ಮೇಷ್ಟ್ರಿಗೇ ಫೋನ್ ಮಾಡಿದೆ. ಪುಸ್ತಕದ ಮಾತು ಬಿಡಿ, ಅಂಥ ಪುಸ್ತಕದ ಜೊತೆಗೆ ದೊಡ್ಡ ನಕ್ಷೆಯ ಹಾಳೆ ಬೇರೆಯಾಗಿ ಇರುತ್ತದಲ್ಲ, ಅದೇನಾಯಿತು ಎಂದೆ. "ಇತ್ತು ಕಣೋ," ಎಂದರು ಮೇಷ್ಟ್ರು. "ಒಳ್ಳೇ ಗಟ್ಟಿ ಹಾಳೆ. ಪುಸ್ತಕದಾಗೆ ಹಿಡೀತಿರಲಿಲ್ಲ. ನಾ ಜೋಪಾನ ಮಾಡ್ತೀನಿ ಅಂತ ನಿಮ್ಮ ಅಮ್ಮಾರು ಇಸ್ಕಂಡಿದ್ಲು."

ಎಲ್ಲಿ ಜೋಪಾನ ಮಾಡಿದರು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಹೊನ್ನಾಳಿಯಲ್ಲಿ ಇಳಿದೆ. ಹೊಳೆಯಲ್ಲಿ ನೀರು ಬತ್ತಿ ಬಂಡೆಗಳು ಎದ್ದಿದ್ದವು. ಮೇಷ್ಟ್ರು ಇದ್ದ ಮನೆಯ ಜಗಲಿಗೆ ಈಗ ಗ್ರಿಲ್ ಹಾಕಿದ್ದಾರೆ. ಮನೆಯ ಯಜಮಾನಿ ಪಕ್ಕದಲ್ಲೇ ಇರುತ್ತಾರೆ, ಅಮ್ಮಾರ ಹತ್ತಿರ ಮೊಟ್ಟಮೊದಲು ಹೊಲಿಗೆ ಕಲಿತವರು, ಈಗ ಅಜ್ಜಿ. ನಕ್ಷೆ, ಸರ್ಕ್ಯೂಟು ಎಂದರೆ ಅವರಿಗೆ ತಿಳಿಯಲಿಲ್ಲ. ತೆಳುವಾದ ಗೆರೆಗಳು ತುಂಬಿದ ಗಟ್ಟಿ ಹಾಳೆ, ಹಾಸಿದರೆ ಮಂಚದಷ್ಟು ಅಗಲ ಎಂದು ಕೈ ಚಾಚಿ ತೋರಿಸಿದೆ. ಅಜ್ಜಿ ನಕ್ಕುಬಿಟ್ಟರು.

"ಅಯ್ಯ, ಅದಾ. ಮಷಿನ್ ಸುಟ್ಟೋದ ಮ್ಯಾಲೆ ಇನ್ನು ಇದು ಯಾತಕ್ಕೆ ಅಂತ ಅಮ್ಮಾರು ಬ್ಲೌಸಿಗೆ ಕತ್ತರಿ ಹಾಕಿದ್ರು."

ಹೊಲಿಗೆ ಕಲಿಸುವವರು ಬಟ್ಟೆಗೆ ಮೊದಲು ಕೈ ಹಾಕುವುದಿಲ್ಲ. ಕಾಗದದ ಮೇಲೆ ಅಳತೆ ಬರೆದು, ಬೆನ್ನು, ಎದೆ, ತೋಳು ಎಂದು ಕತ್ತರಿಸಿ, ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಸೀಮೆಸುಣ್ಣದ ಗೆರೆ ಎಳೆಯುತ್ತಾರೆ. ಪೇಪರಿನದಾದರೆ ನಾಲ್ಕು ಸಲಕ್ಕೆ ಹರಿಯುತ್ತದೆ. ಗಟ್ಟಿ ಹಾಳೆ ಸಿಕ್ಕರೆ ಅದು ಬಂಗಾರ. ನಾನು ಅಂಗಳದಲ್ಲಿ ನಿಂತು ತಲೆ ಹಿಡಿದುಕೊಂಡೆ. ಅಜ್ಜಿ ಒಳಗೆ ಹೋಗಿ ಟ್ರಂಕು ತೆಗೆದು, ಮಡಿಕೆ ಬಿಚ್ಚುತ್ತ ಎರಡು ತುಂಡು ತಂದರು. ಒಂದು ಬೆನ್ನು, ಒಂದು ಎದೆಯ ಭಾಗ. ತಿರುಗಿಸಿದೆ. ಹಿಂಬದಿಯಲ್ಲಿ ನಮ್ಮ ಯಂತ್ರ. ಬೆನ್ನಿನ ಮೇಲೆ ಕೀಲಿಮಣೆ, ಎದೆಯ ಮೇಲೆ ಟಿವಿಗೆ ಹೋಗುವ ಭಾಗ. ಗೆರೆಗಳು ಒಂದರ ಮೇಲೊಂದು ಏರಿ, ಇನ್ನೇನು ಕರೆಂಟಿನ ತೂತಿಗೆ ಬರಬೇಕು ಎನ್ನುವಲ್ಲಿ ಕಂಕುಳಿನ ಬಾಗು ಅದನ್ನು ಕತ್ತರಿಸಿ ಹಾಕಿತ್ತು.

ಅಲ್ಲೇ ಅತ್ತುಬಿಡುತ್ತಿದ್ದೆ. ಆದರೆ ಒಂದು ಮಾತು ಹೊಳೆಯಿತು. ಅಮ್ಮಾರು ಇದನ್ನು ಕತ್ತರಿಸದೆ ಪುಸ್ತಕದ ಜೊತೆಗೇ ಇಟ್ಟಿದ್ದರೆ ಇದೂ ಗೆದ್ದಲಿನ ಹೊಟ್ಟೆ ಸೇರುತ್ತಿತ್ತು. ಹೊಲಿಗೆಯವರು ಅಳತೆಯ ಹಾಳೆಯನ್ನು ಎಂದೂ ಬಿಸಾಡುವುದಿಲ್ಲ. ಅವರು ಹೇಳಿದ ಹಾಗೆಯೇ ಜೋಪಾನ ಮಾಡಿದ್ದರು.

ತೋಳು ಎಲ್ಲಿ ಎಂದೆ. ಮೇಷ್ಟ್ರಿಗೆ ವರ್ಗವಾಗಿ ಊರು ಬಿಡುವಾಗ ಅಮ್ಮಾರು ತಮ್ಮ ಹಾಳೆಗಳನ್ನು ಕಲಿತವರಿಗೆಲ್ಲ ಹಂಚಿದರಂತೆ. ಪಫ್ ತೋಳನ್ನು ಎಲ್ಲರಿಗಿಂತ ಚೆನ್ನಾಗಿ ಹೊಲಿಯುತ್ತಿದ್ದ ಹುಡುಗಿಗೆ ತೋಳಿನ ಹಾಳೆ ಹೋಯಿತಂತೆ. ಆಕೆ ನ್ಯಾಮತಿಗೆ ಮದುವೆಯಾಗಿ ಹೋಗಿದ್ದಾಳೆ, ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ಇದೆ ಎಂದರು ಅಜ್ಜಿ. ಎರಡು ತುಂಡಿಗೂ ಫೋಟೊ ಹೊಡೆದುಕೊಂಡು ನ್ಯಾಮತಿ ಬಸ್ಸಿಗೆ ಓಡಿದೆ.

ನ್ಯಾಮತಿಯ ಆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆಗಳ ಕಾಲ, ಮೂಲೆಯಲ್ಲಿ ರೇಷ್ಮೆ ಬ್ಲೌಸುಗಳ ರಾಶಿ. ಗೋಡೆಯ ಮೇಲೆ ಕಾಗದದ ತುಂಡುಗಳನ್ನು ಚುಚ್ಚಿದ ತಂತಿಯ ಕೊಕ್ಕೆಗಳು ಸಾಲಾಗಿ ನೇತಾಡುತ್ತಿದ್ದವು, ಒಂದೊಂದರಲ್ಲೂ ಕಂತೆ ಕಂತೆ. ಮಷಿನ್ ತುಳಿಯುತ್ತಿದ್ದ ಹೆಂಗಸು ನನ್ನ ಮಾತನ್ನು ಅರ್ಧ ಕೇಳಿ, ಈಗ ಹುಡುಕಲು ಆಗುವುದಿಲ್ಲ, ಸಂಜೆಯೊಳಗೆ ಮದುಮಗಳ ಬ್ಲೌಸು ಹೋಗಬೇಕು, ಸೋಮವಾರ ಬನ್ನಿ ಎಂದಳು. ಸೋಮವಾರ ಎಂಬ ಮಾತು ಕೇಳಿದ್ದೇ ನನ್ನ ತಲೆ ಕೆಟ್ಟಿತು. ಬೀದಿಯವರೆಲ್ಲ ತಿರುಗಿ ನೋಡುವಷ್ಟು ಕೂಗಾಡಿದೆ. ಆಕೆ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ನನ್ನ ಕಡೆ ನೋಡದೆ, "ಕೂಗಿದ್ರೆ ತೋಳು ಸಿಗುತ್ತೇನ್ರೀ?" ಎಂದಳು.

ಹೊಸಲಿನ ಹತ್ತಿರದ ಸ್ಟೂಲಿನ ಮೇಲೆ ಕುಸಿದು ಕೂತೆ. ಆಮೇಲೆ ಮೆಲ್ಲಗೆ ಹೇಳಿದೆ, ಮೇಷ್ಟ್ರ ಕಣ್ಣಿನ ಸಂಗತಿ, ಸೋಮವಾರದ ಆಪರೇಷನ್ನು, ಅಮ್ಮಾರು ಹೋದಾಗಿನಿಂದ ಅವರು ಮಗಳ ಮನೆಯಲ್ಲಿರುವುದು. ಮಷಿನ್ನಿನ ಸದ್ದು ನಿಂತುಹೋಯಿತು.

"ಅಮ್ಮಾರು ಹೋದ್ರಾ?" ಎಂದಳು.

ಆಕೆಗೆ ಯಾರೂ ತಿಳಿಸಿರಲಿಲ್ಲ. ನಾನು ತಲೆ ತಗ್ಗಿಸಿದೆ. ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಇಂಥ ಸುದ್ದಿಯನ್ನು ಕೂಗಾಡಿದ ಬಾಯಿಂದಲೇ ಹೇಳಬೇಕಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು. ಆಕೆ ಎದ್ದು ಮದುಮಗಳ ಬ್ಲೌಸನ್ನು ಪಕ್ಕಕ್ಕೆ ಸರಿಸಿ, ಕೊಕ್ಕೆಗಳನ್ನು ಒಂದೊಂದಾಗಿ ಇಳಿಸಿ ನನ್ನ ಮುಂದೆ ಹಾಕಿದಳು. ಎಲ್ಲ ಹಾಳೆಗೂ ಧೂಳು ಹಿಡಿದು ಒಂದೇ ಬಣ್ಣವಾಗಿತ್ತು. ನಕ್ಷೆಯ ಗೆರೆಯಿದ್ದ ಬದಿ ಒಳಗೋ ಹೊರಗೋ ಗೊತ್ತಾಗುವಂತಿರಲಿಲ್ಲ.

"ಅಕ್ಷರ ನೋಡ್ಕಂತ ಹೋಗ್ರಿ," ಎಂದಳು. "ಅಮ್ಮಾರ ಅಕ್ಷರ ದುಂಡಗಿರಲ್ಲ, ಮೂಲೆ ಮೂಲೆ ಇರ್ತಾವೆ. ಕಸೂತಿ ಹಾಕಿ ಹಾಕಿ ಕೈ ಹಂಗಾಗೈತೆ ಅಂತ ನಾವೆಲ್ಲ ಅನ್ಕಂಡಿದ್ವಿ."

ಕಸೂತಿಯಲ್ಲ ಅದು. ಚೌಕದ ಚುಕ್ಕಿಗಳಿಂದ ಮಾಡಿದ ಅಕ್ಷರ ನೋಡಿ ಕಲಿತವರು ಚೌಕವಾಗಿಯೇ ಬರೆಯುತ್ತಾರೆ. ಕನ್ನಡದ ಅಕ್ಷರ ದುಂಡಗಿರುತ್ತದೆ ಎಂದು ಅವರಿಗೆ ಯಾರು ಹೇಳಿದ್ದರು? ಟಿವಿಯ ಮೇಲೆ ಹೇಗೆ ಕಂಡಿತೋ ಹಾಗೆ, ಮೆಟ್ಟಿಲು ಮೆಟ್ಟಿಲಾಗಿ ಬರೆದಿದ್ದಾರೆ. ಅಮ್ಮಾರು ಜೀವಮಾನವೆಲ್ಲ ಮುಚ್ಚಿಟ್ಟದ್ದನ್ನು ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಬಿಚ್ಚಲು ನಾನ್ಯಾರು?

ಇಬ್ಬರೂ ಹುಡುಕಿದೆವು. ಹೊರಗೆ ಗಿರಾಕಿಗಳು ಬಂದು ನಿಂತರು, ಕೂಗಿದರು, ಹೋದರು. ಬಿಸಿಲು ಹೊಸಲು ದಾಟಿ ಒಳಗೆ ಬರುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಕೊಕ್ಕೆ ಖಾಲಿಯಾದಾಗ ನನ್ನ ಕೈಯಲ್ಲಿದ್ದ ಹಾಳೆಯ ಅಂಚಿನಲ್ಲಿ ಪೆನ್ಸಿಲಿನ ಒಂದು ಪದ ಕಂಡಿತು. 'ತೋಳು'. ಸುಳಿ ಇರಬೇಕಾದ ಕಡೆ ಮೂಲೆ, ಬಾಗು ಇರಬೇಕಾದ ಕಡೆ ಮೆಟ್ಟಿಲು. ತಿರುಗಿಸಿದೆ. ಐದು ಸೊನ್ನೆಗಳು ಅರ್ಧವೃತ್ತವಾಗಿ ಕೂತಿದ್ದವು, ಪಕ್ಕದಲ್ಲಿ ಒಂದೊಂದರ ವೋಲ್ಟೇಜು. ಹೊಲಿಗೆಯ ಗುರುತಿಗೆಂದು ಅಮ್ಮಾರು ಅಂಚಿಗೆ ಹಾಕಿದ್ದ ಕಚ್ಚು ಒಂದರ ಅಂಕಿಯನ್ನು ನುಂಗಿತ್ತು. ಉಳಿದ ನಾಲ್ಕು ಸ್ಪಷ್ಟವಾಗಿದ್ದವು, ಐದು, ಮೈನಸ್ ಐದು, ಎರಡು ಅರ್ತಿಂಗ್. ಅವು ತಿಳಿದ ಮೇಲೆ ಐದನೆಯದು ಹನ್ನೆರಡು ಎನ್ನಲು ಯೋಚಿಸಬೇಕಾಗಿರಲಿಲ್ಲ. ಚಳಿದೇಶದ ನಕ್ಷೆಯ ಝೆರಾಕ್ಸನ್ನು ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಖಾಲಿ ಎಂದಿದ್ದ ಕಡ್ಡಿ ಇಲ್ಲಿ ಐದು ವೋಲ್ಟಿನದು. ಅಲ್ಲಿ ಹನ್ನೆರಡು ಎಂದಿದ್ದ ಜಾಗದಲ್ಲಿ ಇಲ್ಲಿ ಮೈನಸ್ ಐದು. ಗುರುವಾರ ನಾನು ಬೆರಳು ಒತ್ತಿದ್ದರೆ ಯಂತ್ರ ಅಲ್ಲೇ ಸತ್ತಿರುತ್ತಿತ್ತು.

ಹಾಳೆಯನ್ನು ಮಡಚಲು ಹೊರಟೆ. ಆಕೆ ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡಳು. "ಫೋಟೊ ಹೊಡ್ಕಳ್ರಿ. ಹಾಳೆ ಕೊಡಲ್ಲ," ಎಂದಳು. ಆ ದಿನ ನನಗೆ ಕೋಪ ಬರದ ಮಾತು ಅದೊಂದೇ.

ಭಾನುವಾರ ಕರೆಂಟಿನ ಡಬ್ಬಿಯ ವೈರುಗಳನ್ನು ಬಿಚ್ಚಿ ಹೊಸದಾಗಿ ಹಾಕಿ, ಯಂತ್ರವನ್ನು ಚೀಲಕ್ಕೆ ಹಾಕಿ, ಅಂಗಡಿಯಲ್ಲಿ ಉಳಿದಿದ್ದ ಒಂದೇ ಒಂದು ದಪ್ಪ ಬೆನ್ನಿನ ಸಣ್ಣ ಟಿವಿಯನ್ನು ತೊಡೆಯ ಮೇಲಿಟ್ಟುಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಸೇರಿದೆ. ದಾರಿಯುದ್ದಕ್ಕೂ ಗುಂಡಿ ಬಂದಾಗಲೆಲ್ಲ ಡ್ರೈವರನ ಮೇಲೆ ರೇಗುತ್ತಿದ್ದೆ, ಆತ ತಿರುಗಿಯೂ ನೋಡಲಿಲ್ಲ. ಬೆಳಗ್ಗೆ ಬೇಗ ಆಸ್ಪತ್ರೆಗೆ ಹೊರಡಬೇಕೆಂದು ಮಗಳು ಆಗಲೇ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

ಮೇಷ್ಟ್ರನ್ನು ಟಿವಿಯ ಮುಂದೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಿಸಿದೆವು. ಫೋನಿನಲ್ಲಿ ತೋಳಿನ ಫೋಟೊ ತೆರೆದು, ಒಂದೊಂದು ಕಡ್ಡಿಗೂ ಮೀಟರ್ ಮುಟ್ಟಿಸಿ, ಬಾಯಿಬಿಟ್ಟು ಎಣಿಸಿ, ಸ್ವಿಚ್ ಒತ್ತಿದೆ. ಏನೂ ಆಗಲಿಲ್ಲ. ಆಮೇಲೆ ಟಿವಿಯ ಕಪ್ಪು ತುಸು ತಿಳಿಯಾಗಿ, ಮೂಲೆಯಲ್ಲಿ ಒಂದು ಸಣ್ಣ ಚೌಕ ಮಿಟುಕತೊಡಗಿತು. ಯಂತ್ರ ಬದುಕಿತ್ತು.

ಇನ್ನು ಮೇಷ್ಟ್ರು ಜೋಪಾನವಾಗಿಟ್ಟಿದ್ದ ಅಕ್ಷರಗಳ ಕ್ಯಾಸೆಟ್ಟು. ಮನೆಯ ಹಳೇ ಟೇಪ್ ರೆಕಾರ್ಡರಿಗೆ ಹಾಕಿ ಬಿಟ್ಟರೆ ಕಿರ್ರೋ ಎಂಬ ಸದ್ದು, ನಡುವೆ ನಿಂತಿತು, ತಪ್ಪಾಗಿದೆ ಎಂದು ಪರದೆ ಹೇಳಿತು. ಹೆಡ್ಡನ್ನು ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ ಮತ್ತೆ ಹಾಕಿದೆ, ಮತ್ತೆ ತಪ್ಪು. ಟೇಪು ಎಷ್ಟು ಸಲ ತಡೆಯುತ್ತದೋ ಗೊತ್ತಿಲ್ಲ, ಬೂಷ್ಟು ಹಿಡಿದ ಕಡೆ ಕಿತ್ತರೆ ಮುಗಿಯಿತು. ನಾನು ಮಾಡಿದ ಡಬ್ಬಿ ಬೇರೆ ಕೈ ಇಡಲಾಗದಷ್ಟು ಬಿಸಿಯಾಗುತ್ತಿತ್ತು. ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದೆ. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ ಮೇಷ್ಟ್ರು ಒಂದು ಕಡೆ ಕೈ ಎತ್ತಿ, ಈಗ ಸರಿ, ಇದೇ ಸದ್ದು ಎಂದರು. ಹಾಗೇ ಬಿಟ್ಟೆ. ಸದ್ದು ಕೊನೆಯವರೆಗೂ ಹರಿದು ನಿಂತಿತು.

ಟಿವಿಯ ತುಂಬ 'ಅ' ಬಂತು. ಬಿಳಿ ಚೌಕಗಳು ಮೆಟ್ಟಿಲಾಗಿ ಏರಿ, ಬಾಗಿ, ಇಳಿದು, ದೊಡ್ಡ ಅ. ಆ ಬೆಳಕು ಮೇಷ್ಟ್ರ ಮುಖದ ಮೇಲೆ ಬಿತ್ತು. ಮಗಳು ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಳು.

ನಾವು ಕಾದೆವು. ಮುಂದಿನ 'ಆ' ಬರಲಿಲ್ಲ. ಪರದೆ 'ಅ'ದಲ್ಲೇ ನಿಂತುಬಿಟ್ಟಿತ್ತು. ಯಂತ್ರ ಸಿಕ್ಕಿಹಾಕಿಕೊಂಡಿದೆ, ಒಳಗೆ ಏನೋ ಬಿಸಿಗೆ ಹೋಗುತ್ತಿದೆ ಎಂದು ನನಗೆ ಹೆದರಿಕೆಯಾಯಿತು. ಆರಿಸಿ ತಣ್ಣಗಾದ ಮೇಲೆ ಮತ್ತೆ ಹಾಕೋಣವೆಂದು ಸ್ವಿಚ್ಚಿಗೆ ಕೈ ಚಾಚಿದೆ. ಮೇಷ್ಟ್ರು ನನ್ನ ಮಣಿಕಟ್ಟು ಹಿಡಿದರು.

"ಕೆಟ್ಟಿಲ್ಲ ಅದು. ಕಾಯ್ತೈತೆ," ಎಂದರು. "ಸ್ಲೇಟಿನ ಮೇಲೆ ಬರೆದು ಮುಗಿಸಿ, ಕೀಲಿ ಒತ್ತೋತನ ಮುಂದಕ್ಕೆ ಹೋಗಲ್ಲ. ಅವಳು ನಿಧಾನ. ನಾನು ಪಕ್ಕದಾಗೆ ಕುಂತ್ರೆ ಬೈತಿದ್ದೆ, ಅವಳು ಸ್ಲೇಟ್ ಒರೆಸಿ ಎದ್ದು ಹೋಗ್ತಿದ್ಲು. ನನ್ನ ಹತ್ರ ತಾಳ್ಮೆ ಇರಲಿಲ್ಲ ಕಣೋ. ಅದಕ್ಕೇ ಅದರಾಗೆ ಇಟ್ಟೆ."

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಡಬ್ಬಿಯ ಬಿಸಿಗೆ ಒದ್ದೆ ಬಟ್ಟೆ ಮಡಚಿ ಕೆಳಗಿಟ್ಟು, ಕರೆಂಟು ಹೋಗದಿರಲಪ್ಪ ಎಂದು ಬೇಡಿಕೊಂಡು ಕೂತೆ. ಮೇಷ್ಟ್ರು ಮುಖವನ್ನು ಪರದೆಗೆ ಇನ್ನೂ ಹತ್ತಿರ ತಂದರು. ಅವರ ಬಲಗೈ ತೊಡೆಯ ಮೇಲೆ ಚಲಿಸುತ್ತಿತ್ತು. ಬೆರಳು ಅಡ್ಡ ಹೋಗಿ ನಿಂತಿತು, ಕೆಳಗಿಳಿದು ನಿಂತಿತು, ಮತ್ತೆ ಅಡ್ಡ. ಒಂದು ಕಡೆಯೂ ದುಂಡಗೆ ತಿರುಗಲಿಲ್ಲ. ಆ ಕೈಬರಹವನ್ನು ನಾನು ನಿನ್ನೆ ನ್ಯಾಮತಿಯಲ್ಲಿ ನೋಡಿದ್ದೆ.

ನನ್ನ ಬಾಯಿಯ ತನಕ ಒಂದು ಮಾತು ಬಂದಿತ್ತು, ನುಂಗಿಕೊಂಡೆ. ಮಗಳು ಕೇಳಿಯೇಬಿಟ್ಟಳು, "ಆಯ್ತಾ ಅಪ್ಪಾಜಿ, ಮುಂದಿಂದು ಒತ್ಲಾ?"

"ತಡೀಯವ್ವ," ಎಂದರು ಮೇಷ್ಟ್ರು, ಪರದೆಯಿಂದ ಕಣ್ಣು ತೆಗೆಯದೆ. "ಇನ್ನೂ ಬರೆದಾಗಿಲ್ಲ."